ಲಕ್ಸರ್, ಲಾಸ್ ವೇಗಸ್: ಓರೆ ಗೋಡೆಯ ಪಿರಮಿಡ್ಡಿನಲ್ಲಿ ರೂಮು ಹಿಡಿಯುವ ಮುನ್ನ

ಲಕ್ಸರ್ ಹೋಟೆಲಿನ ಲಿಫ್ಟು ನೆಟ್ಟಗೆ ಏರುವುದಿಲ್ಲ. ಪಿರಮಿಡ್ಡಿನ ಮೂಲೆಯಂಚನ್ನೇ ಹಿಡಿದು 39 ಡಿಗ್ರಿ ಓರೆಯಲ್ಲಿ ಹತ್ತುತ್ತದೆ. ಅಲ್ಲಿ ಅದಕ್ಕೆ ‘ಇನ್‌ಕ್ಲಿನೇಟರ್’ ಎಂದೇ ಹೆಸರು. ಬಾಗಿಲು ಮುಚ್ಚಿ ಹೊರಟ ಕೂಡಲೇ ಪಕ್ಕಕ್ಕೊಂದು ಜಗ್ಗು, ದಾರಿಯುದ್ದಕ್ಕೂ ಸಣ್ಣ ನಡುಕ, ನಿಲ್ಲುವಾಗ ಇನ್ನೊಂದು ಜಗ್ಗು. ಚಕ್ರದ ಸೂಟ್‌ಕೇಸಿದ್ದರೆ ಹಿಡಿ ಬಿಡಬಾರದು, ಕೈಯಲ್ಲಿ ಕಾಫಿಯಿದ್ದರೆ ಮುಚ್ಚಳ ಹಾಕಿರಬೇಕು. ಮೊದಲ ಸಲ ಹತ್ತಿದವರು ಗೋಡೆಗೆ ಕೈ ಊರುತ್ತಾರೆ, ಎರಡನೇ ದಿನದ ಹೊತ್ತಿಗೆ ಕಾಲು ತಾನೇ ಅಗಲವಾಗಿ ನಿಲ್ಲುವುದನ್ನು ಕಲಿತಿರುತ್ತದೆ. ಈ ಹೋಟೆಲಿನಲ್ಲಿ ತಂಗುವುದಕ್ಕೆ ಇರುವ ಕಾರಣವೂ ಈ ಓರೆಯೇ, ಅಲ್ಲಿ ಎದುರಾಗುವ ಅನನುಕೂಲಗಳಲ್ಲಿ ಮುಕ್ಕಾಲು ಪಾಲಿನ ಮೂಲವೂ ಈ ಓರೆಯೇ. ಇದನ್ನು ತಿಳಿದು ಬುಕ್ ಮಾಡಿದವರಿಗೆ ಕೊಟ್ಟ ದುಡ್ಡು ದಕ್ಕುತ್ತದೆ.

ಹೋಟೆಲು ಬಾಗಿಲು ತೆರೆದದ್ದು 1993ರ ಅಕ್ಟೋಬರ್ 15ರಂದು. ಕಟ್ಟಿಸಿದ್ದು ಸರ್ಕಸ್ ಸರ್ಕಸ್ ಎಂಟರ್‌ಪ್ರೈಸಸ್, ಖರ್ಚು 37.5 ಕೋಟಿ ಡಾಲರ್. ಎತ್ತರ 350 ಅಡಿ, 30 ಮಹಡಿ, ಹೊರಗೆಲ್ಲ ಕಂಚಿನ ಬಣ್ಣದ ಕಪ್ಪು ಗಾಜು. 1990ರ ದಶಕದ ಕೊನೆಯ ವರ್ಷಗಳಲ್ಲಿ ಪಕ್ಕದಲ್ಲೇ 22 ಮಹಡಿಯ ಎರಡು ಮೆಟ್ಟಿಲಾಕಾರದ ಗೋಪುರಗಳು ಎದ್ದವು. ಈಗ ಎಲ್ಲ ಸೇರಿ 4,400ರಷ್ಟು ರೂಮುಗಳಿವೆ. 2005ರಿಂದ ಇದನ್ನು ನಡೆಸುತ್ತಿರುವುದು ಎಂಜಿಎಂ ಕಂಪನಿ. ಹೆಸರಿನ ವಿಷಯದಲ್ಲಿ ಒಂದು ಮಾತು: ಈಜಿಪ್ಟಿನ ಲಕ್ಸರ್ ನಗರದಲ್ಲಿರುವುದು ಕಾರ್ನಾಕ್ ಮತ್ತು ಲಕ್ಸರ್ ದೇವಾಲಯಗಳು, ನದಿಯಾಚೆಗೆ ರಾಜರ ಕಣಿವೆ. ಪಿರಮಿಡ್ಡು, ಸ್ಫಿಂಕ್ಸ್ ಎರಡೂ ಅಲ್ಲಿಂದ ಸುಮಾರು 500 ಕಿಲೋಮೀಟರ್ ಉತ್ತರಕ್ಕೆ, ಗೀಜಾದಲ್ಲಿವೆ. ಹೋಟೆಲು ಎರಡನ್ನೂ ಒಂದೇ ಅಂಗಳಕ್ಕೆ ತಂದಿಟ್ಟಿದೆ. ಬಾಗಿಲಲ್ಲಿ ಕೂತಿರುವ ಸ್ಫಿಂಕ್ಸ್ ಅಸಲಿಗಿಂತ ಎತ್ತರ, ಅಸಲಿಯದರಂತೆ ಮೂಗು ಮುರಿದೂ ಇಲ್ಲ. ಪಿರಮಿಡ್ಡು ಮಾತ್ರ ಗೀಜಾದ ದೊಡ್ಡ ಪಿರಮಿಡ್ಡಿಗಿಂತ ಕುಳ್ಳು.

ಒಳಗೆ ಹೆಜ್ಜೆಹೆಜ್ಜೆಗೂ ಈಜಿಪ್ಟ್ ಸಿಗುತ್ತದೆಂದು ಹೋದರೆ ನಿರಾಸೆ ಖಂಡಿತ. ಮೊದಲು ಒಳಾಂಗಣದಲ್ಲಿ ನೈಲ್ ನದಿಯ ಹೆಸರಿನ ದೋಣಿ ಸವಾರಿಯೇ ಇತ್ತು, ಅದು ಕೆಲವೇ ವರ್ಷಗಳಲ್ಲಿ ನಿಂತಿತು. ಪುರಾತನ ಈಜಿಪ್ಟಿನ ದೊರೆ (ಫೇರೋ) ಟುಟಾಂಖಾಮನ್ ಸಮಾಧಿಯ ಪ್ರತಿಕೃತಿಗಳ ಮ್ಯೂಸಿಯಂ 2008ರಲ್ಲಿ ಮುಚ್ಚಿ, ವಸ್ತುಗಳು ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿದವು. 2007ರಲ್ಲಿ ಶುರುವಾದ ನವೀಕರಣದಲ್ಲಿ ಬಾರು, ಲಾಂಜುಗಳಿಂದ ಈಜಿಪ್ಟಿನ ಅಲಂಕಾರವನ್ನು ಕಿತ್ತು ಎಲ್ಲ ಕಡೆ ಇರುವಂಥ ಆಧುನಿಕ ನೋಟ ಕೊಟ್ಟರು. ಈಗ ಉಳಿದಿರುವುದು ಸ್ಫಿಂಕ್ಸ್, ಹೊರಗಿನ ಒಬೆಲಿಸ್ಕ್ ಎಂಬ ಚೂಪು ತುದಿಯ ಕಂಬ, ಒಳಗಿನ ಕೆಲವು ಫೇರೋ ಪ್ರತಿಮೆಗಳು. ಚಿತ್ರಲಿಪಿ ಕೆತ್ತಿದ ಕಂಬಗಳ ಆಸೆಗೆ ಹೋಗುವ ಹೋಟೆಲು ಇದಲ್ಲ. ಆದರೆ ಕಟ್ಟಡದ ಆಕಾರವನ್ನು ಯಾರೂ ಕಿತ್ತುಹಾಕಲಾರರು, ಥೀಮ್ ಉಳಿದುಕೊಂಡಿರುವುದು ಅದರಲ್ಲಿ.

ಅದನ್ನು ನೋಡಬೇಕಾದ ಜಾಗ ಮೇಲಿನ ಮಹಡಿಗಳ ಕಾರಿಡಾರ್. ಪಿರಮಿಡ್ಡಿನ ನಡುಭಾಗ ಪೂರ್ತಿ ಟೊಳ್ಳು, ಸುಮಾರು 2.9 ಕೋಟಿ ಘನ ಅಡಿಯ ಒಂದೇ ಬಯಲು. ರೂಮುಗಳು ನಾಲ್ಕು ಓರೆ ಗೋಡೆಗಳಿಗೆ ಅಂಟಿಕೊಂಡಿವೆ, ಅವುಗಳ ಬಾಗಿಲು ತೆರೆದುಕೊಳ್ಳುವುದು ಈ ಬಯಲಿನತ್ತ ತೆರೆದ ಕಾರಿಡಾರಿಗೆ. ಪ್ರತಿ ಮಹಡಿಯೂ ಕೆಳಗಿನದಕ್ಕಿಂತ ಒಂದಿಷ್ಟು ಒಳಕ್ಕೆ ಚಾಚಿಕೊಂಡಿರುವುದರಿಂದ ಅಡ್ಡಗೋಡೆಗೆ ಆತು ಕೆಳಗೆ ನೋಡಿದರೆ ನಿಮ್ಮ ಕೆಳಗಿನ ಮಹಡಿಗಳು ಕಾಣುವುದೇ ಇಲ್ಲ, ನೇರ ನೆಲವೇ ಕಾಣುತ್ತದೆ. ಎದುರು ಗೋಡೆಯ ಕಾರಿಡಾರುಗಳು ಸಾಲುಸಾಲಾಗಿ ನಿಮ್ಮತ್ತ ಬಾಗಿ ತುದಿಯಲ್ಲಿ ಕೂಡಿಕೊಳ್ಳುತ್ತವೆ. ಇಂಥ ನೋಟ ಕೊಡುವ ಇನ್ನೊಂದು ಹೋಟೆಲು ಸ್ಟ್ರಿಪ್‌ನಲ್ಲಿ, ಅಂದರೆ ಕ್ಯಾಸಿನೊ ಹೋಟೆಲುಗಳು ಸಾಲುಗಟ್ಟಿದ ಲಾಸ್ ವೇಗಸ್‌ನ ಮುಖ್ಯ ರಸ್ತೆಯಲ್ಲಿ ಇಲ್ಲ. ಎತ್ತರ ಕಂಡರೆ ತಲೆ ಸುತ್ತುವವರಿಗೆ ಇದೇ ದೊಡ್ಡ ತೊಂದರೆ ಕೂಡ: ರೂಮಿನಿಂದ ಲಿಫ್ಟಿನವರೆಗೆ ಪ್ರತಿ ಸಲವೂ ಈ ಅಂಚಿನಲ್ಲೇ ನಡೆಯಬೇಕು, ಬೇರೆ ದಾರಿಯಿಲ್ಲ. ಅಂಥವರು ಗೋಪುರದ ರೂಮು ಕೇಳುವುದೇ ಸರಿ. ಪುಟ್ಟ ಮಕ್ಕಳಿರುವವರೂ ಅಷ್ಟೇ.

ಬುಕ್ ಮಾಡುವಾಗ ‘ಪಿರಮಿಡ್’ ಮತ್ತು ‘ಟವರ್’ ಎಂಬ ಎರಡು ಪದಗಳನ್ನು ಗಮನವಿಟ್ಟು ನೋಡಬೇಕು. ಅಗ್ಗದ ರೂಮು ಸಾಮಾನ್ಯವಾಗಿ ಪಿರಮಿಡ್ಡಿನದು, ಟವರ್ ರೂಮಿಗೆ ಸ್ವಲ್ಪ ಹೆಚ್ಚು. ಟವರಿನಲ್ಲಿ ಗೋಡೆ ನೆಟ್ಟಗೆ, ಲಿಫ್ಟು ನೆಟ್ಟಗೆ, ಕಾರಿಡಾರ್ ಎರಡೂ ಕಡೆ ಮುಚ್ಚಿದ್ದು, ನಿದ್ದೆಗೆ ನಿಶ್ಶಬ್ದ. ಆದರೆ ಅಲ್ಲಿ ಉಳಿದುಕೊಂಡರೆ ಯಾವ ಹೋಟೆಲಿನಲ್ಲಿದ್ದೀರಿ ಎಂಬುದೇ ಮರೆತುಹೋಗುತ್ತದೆ. ಎರಡು ರಾತ್ರಿಗಿಂತ ಹೆಚ್ಚು ತಂಗುವವರಿಗೆ, ಕೆಲಸದ ಮೇಲೆ ಬಂದವರಿಗೆ ಟವರ್. ಒಂದೋ ಎರಡೋ ರಾತ್ರಿಯ ಮೋಜಿಗೆ ಪಿರಮಿಡ್ಡು. ಟವರಿನಲ್ಲಿದ್ದರೂ ಪಿರಮಿಡ್ಡಿನ ಒಳನೋಟ ಕೆಳಗಿನಿಂದ ಸಿಗುತ್ತದೆ, ಮೇಲಿನ ಕಾರಿಡಾರಿಗೆ ಮಾತ್ರ ಹೋಗಲಾಗದು, ಇನ್‌ಕ್ಲಿನೇಟರ್ ಹತ್ತಲು ಪಿರಮಿಡ್ ರೂಮಿನ ಕೀ ಬೇಕು.

ಪಿರಮಿಡ್ ರೂಮಿನ ಒಳಗೆ ಹೊರಗೋಡೆ ಪೂರ್ತಿ ಓರೆ, ಅದರಲ್ಲೇ ಕಿಟಕಿ. ಕಿಟಕಿಯ ಹತ್ತಿರ ಹೋದಷ್ಟೂ ತಲೆಯ ಮೇಲಿನ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ನೆಲದ ಅಳತೆ ಎಷ್ಟೇ ಬರೆದಿರಲಿ, ನಿಂತು ಓಡಾಡಲು ಸಿಗುವುದು ಅದಕ್ಕಿಂತ ಕಡಿಮೆ. ಎತ್ತರದ ಮನುಷ್ಯರು ಹೊರಗೆ ನೋಡಲು ಬಗ್ಗಿದಾಗ ಹಣೆ ಗಾಜಿಗೆ ತಾಗುವುದು ಮಾಮೂಲು. ದೊಡ್ಡ ಸೂಟ್‌ಕೇಸನ್ನು ಕಿಟಕಿಯ ಕೆಳಗಿನ ಮೂಲೆಗೆ ಮಲಗಿಸಿ ಇಡುವುದೇ ಒಳ್ಳೆಯದು, ಆ ಜಾಗ ಇನ್ಯಾವುದಕ್ಕೂ ಬರುವುದಿಲ್ಲ. ಓರೆ ಗಾಜಿನ ಮೇಲೆ ಮರುಭೂಮಿಯ ಧೂಳು ಕೂರುತ್ತದೆ, ನೆಟ್ಟಗಿನ ಗಾಜಿನಂತೆ ಜಾರಿ ಹೋಗುವುದಿಲ್ಲ. ಹಾಗಾಗಿ ನೋಟ ಮಸುಕು, ಗಾಜಿನ ಕಂಚಿನ ಬಣ್ಣ ಬೇರೆ ಸೇರಿ ಫೋಟೊ ತೆಗೆದರೆ ಎಲ್ಲವೂ ಸಂಜೆಯಂತೆ ಬರುತ್ತದೆ. ಊರಿನ ನೋಟವೇ ಮುಖ್ಯ ಅನ್ನುವವರು ಪಿರಮಿಡ್ಡಿಗೆ ಹೆಚ್ಚು ಕೊಡಬೇಕಿಲ್ಲ.

ದಿಕ್ಕು ಕೇಳಿ ತೆಗೆದುಕೊಳ್ಳಿ. ಹೋಟೆಲಿನ ಮುಖ ಪೂರ್ವಕ್ಕೆ, ಸ್ಟ್ರಿಪ್ ರಸ್ತೆಯ ಕಡೆಗೆ. ಆಚೆಗೆ ವಿಮಾನ ನಿಲ್ದಾಣದ ರನ್‌ವೇ, ವಿಮಾನ ಇಳಿಯುವುದನ್ನು ನೋಡುವ ಹುಚ್ಚಿದ್ದವರಿಗೆ ಈ ಕಡೆ. ಪಶ್ಚಿಮದ ರೂಮುಗಳಿಗೆ ಬೇಸಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಸೂರ್ಯ ಮುಳುಗುವವರೆಗೂ ಬಿಸಿಲು ಓರೆ ಗಾಜಿಗೆ ನೇರವಾಗಿ ಬೀಳುತ್ತದೆ. ಹೊರಗೆ 40 ಡಿಗ್ರಿ ದಾಟಿದ ದಿನ ಎಸಿ ಎಷ್ಟು ಓಡಿದರೂ ಕಿಟಕಿಯ ಹತ್ತಿರ ಶಾಖ ಬಡಿಯುತ್ತಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರ ಅಥವಾ ಪೂರ್ವ ದಿಕ್ಕು ಕೇಳಬೇಕು, ಹೊರಗೆ ಹೋಗುವಾಗ ಪರದೆ ಎಳೆದೇ ಹೋಗಬೇಕು.

ಇನ್ನು ಮಹಡಿ. ಬಯಲು ಒಂದೇ ಆದ್ದರಿಂದ ಕೆಳಗಿನ ಕ್ಯಾಸಿನೊ, ಬಾರು, ಜನರ ಗದ್ದಲ, ಸಿಗರೇಟಿನ ಹೊಗೆ ಎಲ್ಲವೂ ಮೇಲಕ್ಕೇರುತ್ತವೆ. ರೂಮಿನ ಬಾಗಿಲಿನ ಸಂದಿಯಿಂದ ಒಳಗೆ ಬರುವುದು ಇದೇ ಗಾಳಿ. ಬಾಗಿಲಿನ ಕೆಳಗೆ ಒಂದು ಸ್ನಾನದ ಟವೆಲನ್ನು ಸುತ್ತಿ ಒತ್ತಿಟ್ಟರೆ ಸದ್ದೂ ವಾಸನೆಯೂ ಕೊಂಚ ಕಡಿಮೆಯಾಗುತ್ತದೆ, ಕಿವಿಗೆ ಇಯರ್‌ಪ್ಲಗ್ ತರುವುದು ಇನ್ನೂ ಮೇಲು. ತೀರ ಕೆಳಗಿನ ಮಹಡಿಗಳಲ್ಲಿ ಗದ್ದಲ ಹೆಚ್ಚು. ನಡಿಗೆಯೂ ಹೆಚ್ಚು. ತಳದಲ್ಲಿ ಪಿರಮಿಡ್ಡಿನ ಒಂದು ಬದಿ ಸುಮಾರು 600 ಅಡಿ, ಅಂದರೆ 180 ಮೀಟರ್. ಲಿಫ್ಟುಗಳಿರುವುದು ಮೂಲೆಗಳಲ್ಲಿ. ಹಾಗಾಗಿ ತಳದ ಮಹಡಿಯಲ್ಲಿ ಎರಡು ಮೂಲೆಗಳ ನಟ್ಟನಡುವಿನ ರೂಮು ಸಿಕ್ಕರೆ ಲಿಫ್ಟಿನಿಂದ 90 ಮೀಟರ್ ನಡಿಗೆ. ಅರ್ಧ ಎತ್ತರಕ್ಕೆ ಹೋದರೆ ಬದಿ ಅರ್ಧಕ್ಕಿಳಿದು ಅದೇ ನಡಿಗೆ 45 ಮೀಟರಿಗೆ ಇಳಿಯುತ್ತದೆ. ಮಂಡಿನೋವಿನವರು, ಹಿರಿಯರು ಜೊತೆಗಿದ್ದರೆ 12ನೇ ಮಹಡಿಯ ಮೇಲೆ, ಲಿಫ್ಟಿನ ಹತ್ತಿರದ ಆದರೆ ತೀರ ಪಕ್ಕದ್ದಲ್ಲದ ರೂಮು ಬೇಕೆಂದು ಚೆಕ್-ಇನ್ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಸಿಗುವ ಸಾಧ್ಯತೆ ಭಾನುವಾರದಿಂದ ಗುರುವಾರದವರೆಗೆ ಹೆಚ್ಚು, ಶನಿವಾರ ಸಂಜೆ ತೀರ ಕಡಿಮೆ.

ಕೀ ಕೊಡುವಾಗ ಯಾವ ಮೂಲೆಯ ಇನ್‌ಕ್ಲಿನೇಟರ್ ಎಂಬುದನ್ನು ಹೇಳುತ್ತಾರೆ, ಕಿವಿಗೊಟ್ಟು ಕೇಳಿಸಿಕೊಳ್ಳಿ. ಮೂಲೆ ತಪ್ಪಿದರೆ ಸಾಮಾನು ಎಳೆದುಕೊಂಡು ಒಂದು ಇಡೀ ಬದಿ ಸುತ್ತಬೇಕಾಗುತ್ತದೆ. ನೆಲಮಹಡಿಯಲ್ಲಿ ನಾಲ್ಕು ಮೂಲೆಗಳೂ ಒಂದೇ ಥರ ಕಾಣುವುದರಿಂದ ಹತ್ತಿರದ ಅಂಗಡಿಯನ್ನೋ ಬಾರನ್ನೋ ಗುರುತಿಟ್ಟುಕೊಳ್ಳುವುದು ಉಪಾಯ.

ಸ್ನಾನದ ಮನೆಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪಿರಮಿಡ್ಡಿನ ಸಾಮಾನ್ಯ ರೂಮುಗಳಲ್ಲಿ ಹೆಚ್ಚಿನವಕ್ಕೆ ಶವರ್ ಮಾತ್ರ, ಟಬ್ ಬೇಕಾದರೆ ಟವರ್ ನೋಡಬೇಕು. ಸ್ಟ್ರಿಪ್‌ನ ಬಹುತೇಕ ಕ್ಯಾಸಿನೊ ಹೋಟೆಲುಗಳಂತೆ ಇಲ್ಲೂ ರೂಮಿನಲ್ಲಿ ಕೆಟಲ್, ಕಾಫಿ ಯಂತ್ರವನ್ನು ನಂಬಿಕೊಂಡು ಹೋಗಬಾರದು. ಜನ ಕೆಳಗಿಳಿದು ಕ್ಯಾಸಿನೊ ದಾಟಿ ಹೋಗಲಿ ಎಂಬುದೇ ಈ ಉದ್ಯಮದ ಲೆಕ್ಕ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಕಾಫಿಗೆ ಉದ್ದ ಸಾಲು, ಏಳಕ್ಕೇ ಇಳಿದರೆ ಐದು ನಿಮಿಷದ ಕೆಲಸ. ನಲ್ಲಿ ನೀರು ಮೀಡ್ ಜಲಾಶಯದ್ದು, ಗಡಸು, ಆದರೆ ಕುಡಿಯಲು ಯೋಗ್ಯ. ಖಾಲಿ ಬಾಟಲಿ ತಂದರೆ ರೂಮಿನಲ್ಲಿಟ್ಟಿರುವ ದುಬಾರಿ ನೀರನ್ನು ಮುಟ್ಟಬೇಕಿಲ್ಲ. ಗಾಳಿ ವಿಪರೀತ ಒಣ, ತುಟಿ ಮೂಗು ಒಂದೇ ರಾತ್ರಿಗೆ ಬಿರಿಯುತ್ತವೆ.

ಈಗ ದುಡ್ಡಿನ ಲೆಕ್ಕ. ಜನ ಎಡವುವುದು ಇಲ್ಲಿ. ಸ್ಟ್ರಿಪ್‌ನ ಹೋಟೆಲುಗಳು ರೂಮಿನ ಬಾಡಿಗೆಯ ಮೇಲೆ ದಿನಕ್ಕಿಷ್ಟು ಎಂದು ‘ರೆಸಾರ್ಟ್ ಫೀ’ ಹಾಕುತ್ತವೆ. ಇದು ಬಹಳ ಕಡೆ 40ರಿಂದ 55 ಡಾಲರ್. ವೈಫೈ, ಜಿಮ್, ಸ್ಥಳೀಯ ಫೋನ್ ಕರೆ ಇದರಲ್ಲಿ ಸೇರಿದೆ ಅನ್ನುತ್ತಾರೆ, ಬಳಸದಿದ್ದರೂ ಕೊಡಲೇಬೇಕು. ಬಾಡಿಗೆ, ಫೀ ಎರಡರ ಮೇಲೂ ಕ್ಲಾರ್ಕ್ ಕೌಂಟಿಯ (ಲಾಸ್ ವೇಗಸ್ ಇರುವ ಜಿಲ್ಲೆ) ಶೇ 13.38 ತೆರಿಗೆ. ಒಂದು ಉದಾಹರಣೆ ಹಿಡಿಯೋಣ: ಬಾಡಿಗೆ 60 ಡಾಲರ್, ಫೀ 45 ಡಾಲರ್. ಒಟ್ಟು 105, ತೆರಿಗೆ 14.05, ಕೊನೆಗೆ 119.05. ಅರವತ್ತರ ರೂಮು ಹೆಚ್ಚುಕಡಿಮೆ ಎರಡರಷ್ಟಾಯಿತು. 2025ರ ಮೇ 12ರಿಂದ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮದಂತೆ ಕಡ್ಡಾಯ ಫೀಗಳನ್ನು ಮೊದಲ ಬೆಲೆಯಲ್ಲೇ ಸೇರಿಸಿ ತೋರಿಸಬೇಕು. ಆದರೂ ತೆರಿಗೆ ಕೊನೆಯ ಪುಟದಲ್ಲಿ ಸೇರಬಹುದು, ಹಾಗಾಗಿ ಹೋಟೆಲುಗಳನ್ನು ಹೋಲಿಸುವಾಗ ಪಾವತಿಯ ಪುಟದ ಅಂಕಿಯನ್ನೇ ಹೋಲಿಸಿ. ಅದೇ ರೂಮು ಮಂಗಳವಾರ ಒಂದು ಬೆಲೆ, ಶುಕ್ರವಾರ ಅದರ ಎರಡು ಮೂರು ಪಟ್ಟು. ಜನವರಿಯ ಸಿಇಎಸ್ ಎಲೆಕ್ಟ್ರಾನಿಕ್ಸ್ ಪ್ರದರ್ಶನ, 2023ರಿಂದ ನವೆಂಬರಿನಲ್ಲಿ ನಡೆಯುವ ಫಾರ್ಮುಲಾ ಒನ್ ರೇಸು, ಅಲಿಜಿಯಂಟ್ ಕ್ರೀಡಾಂಗಣದ ದೊಡ್ಡ ಪಂದ್ಯಗಳ ವಾರಾಂತ್ಯ ಇವನ್ನು ತಪ್ಪಿಸಬೇಕು. ಆ ಕ್ರೀಡಾಂಗಣಕ್ಕೇ ಬರುವವರಿಗಾದರೆ ಲಕ್ಸರ್‌ನಷ್ಟು ಅನುಕೂಲ ಕಡಿಮೆ ಕಡೆ, ಹೆದ್ದಾರಿಯ ಮೇಲಿನ ಸೇತುವೆ ದಾಟಿ ನಡೆದೇ ಹೋಗಬಹುದು.

ಚೆಕ್-ಇನ್‌ನಲ್ಲಿ ಬಾಡಿಗೆಯಲ್ಲದೆ ಒಂದಷ್ಟು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಮಿತಿ ಕಡಿಮೆಯಾಗುತ್ತದೆ, ಅಷ್ಟೇ. ಡೆಬಿಟ್ ಕಾರ್ಡ್ ಕೊಟ್ಟರೆ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಂಡು, ಬಿಡುಗಡೆಯಾಗಲು ರೂಮು ಬಿಟ್ಟ ಮೇಲೂ ಹಲವು ದಿನ ಹಿಡಿಯಬಹುದು. ವಿದೇಶಿ ಬ್ಯಾಂಕಿನ ಕಾರ್ಡಾದರೆ ಇನ್ನೂ ತಡ. ಚೆಕ್-ಇನ್ ಸಮಯ ಮಧ್ಯಾಹ್ನ ಮೂರು, ರೂಮು ಬಿಡುವುದು ಬೆಳಗ್ಗೆ ಹನ್ನೊಂದಕ್ಕೆ. ಎಂಜಿಎಂ ಆ್ಯಪಿನಲ್ಲೇ ಚೆಕ್-ಇನ್ ಮಾಡಿ ಫೋನನ್ನೇ ಕೀ ಮಾಡಿಕೊಳ್ಳಬಹುದು, ಕೌಂಟರಿನ ಸಾಲು ತಪ್ಪುತ್ತದೆ. ಆದರೆ ದಿಕ್ಕು, ಮಹಡಿ ಕೇಳಿ ಪಡೆಯಬೇಕೆಂದಿದ್ದರೆ ಸಾಲಿನಲ್ಲಿ ನಿಲ್ಲುವುದು ವ್ಯರ್ಥವಲ್ಲ.

ಕ್ಯಾಸಿನೊ ಪಿರಮಿಡ್ಡಿನ ತಳದಲ್ಲೇ ಹರಡಿಕೊಂಡಿದೆ. ನೆವಾಡಾದಲ್ಲಿ 21 ತುಂಬದವರು ಆಡುವಂತಿಲ್ಲ, ಯಂತ್ರಗಳ ಬಳಿ ನಿಲ್ಲುವಂತೆಯೂ ಇಲ್ಲ, ದಾಟಿ ಹೋಗಬಹುದು ಅಷ್ಟೇ. ಮಕ್ಕಳ ಕೈ ಹಿಡಿದು ನಿಲ್ಲದೆ ನಡೆದರೆ ಯಾರೂ ತಡೆಯುವುದಿಲ್ಲ. ಸಿಗರೇಟು ಇಲ್ಲಿ ಕಾನೂನುಬದ್ಧ: ಧೂಮಪಾನ ತಡೆಯುವ 2006ರ ರಾಜ್ಯ ಕಾಯ್ದೆ ಕ್ಯಾಸಿನೊ ಅಂಗಳವನ್ನು ಹೊರಗಿಟ್ಟಿದೆ. ಹೊಗೆ ಸಹಿಸಲಾಗದವರು ಇದೇ ಕಂಪನಿಯ ಪಾರ್ಕ್ ಎಂಜಿಎಂ ನೋಡಬೇಕು, 2020ರಿಂದ ಅಲ್ಲಿ ಎಲ್ಲೂ ಸೇದುವಂತಿಲ್ಲ.

ಆಡುವ ಮನಸ್ಸಿದ್ದರೆ ಕೂರುವ ಮೊದಲು ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟದ ಮೇಜಿನ ಬಟ್ಟೆಯ ಮೇಲಿನ ಅಕ್ಷರ ಓದಿ. ಮೊದಲ ಎರಡು ಎಲೆಗಳಲ್ಲೇ 21 ಬಂದಾಗ ಕೊಡುವ ದರ ಅಲ್ಲಿರುತ್ತದೆ. ‘3 ಟು 2’ (ಎರಡಕ್ಕೆ ಮೂರು) ಇದ್ದರೆ 10 ಡಾಲರಿಗೆ 15 ಸಿಗುತ್ತದೆ, ‘6 ಟು 5’ (ಐದಕ್ಕೆ ಆರು) ಇದ್ದರೆ 12 ಮಾತ್ರ. ಅಂಥ ಎಲೆ ಸರಾಸರಿ 21 ಆಟಕ್ಕೊಮ್ಮೆ ಬರುತ್ತದೆ. ಗಂಟೆಗೆ ಅರವತ್ತರ ಮೇಲೆ ಆಟ ನಡೆಯುವ ಮೇಜಿನಲ್ಲಿ ಮೂರು ಸಲ, ಅಂದರೆ ಗಂಟೆಗೆ 9 ಡಾಲರ್ ಸುಮ್ಮನೆ ಕೈಬಿಟ್ಟಂತೆ. ಕಡಿಮೆ ಪಣದ ಮೇಜುಗಳಲ್ಲಿ ಸ್ಟ್ರಿಪ್‌ನುದ್ದಕ್ಕೂ ಸಿಗುವುದು ಹೆಚ್ಚಾಗಿ ‘6 ಟು 5’. ಅಂಕಿಗಳ ಚಕ್ರ ತಿರುಗಿಸುವ ರೂಲೆಟ್‌ನಲ್ಲಿ ಸೊನ್ನೆಗಳನ್ನು ಎಣಿಸಿ: ಎರಡು ಸೊನ್ನೆಯ ಚಕ್ರದಲ್ಲಿ ಕ್ಯಾಸಿನೊದ ಪಾಲು ಶೇ 5.26, ಮೂರು ಸೊನ್ನೆಯದರಲ್ಲಿ ಶೇ 7.69. ಸ್ಲಾಟ್ ಯಂತ್ರದಲ್ಲಿ ದೊಡ್ಡ ಮೊತ್ತ ಬಂದರೆ ಯಂತ್ರ ನಿಂತುಬಿಡುತ್ತದೆ, ಸಿಬ್ಬಂದಿ ಬಂದು ಗುರುತಿನ ಚೀಟಿ ಕೇಳಿ ಕಾಗದ ಬರೆದೇ ದುಡ್ಡು ಕೊಡುತ್ತಾರೆ. ಅಮೆರಿಕದವರಲ್ಲದವರಿಗೆ ಅದರಲ್ಲಿ ಸಾಮಾನ್ಯವಾಗಿ ಶೇ 30 ತೆರಿಗೆ ಮುರಿಯುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್, ಕ್ರ್ಯಾಪ್ಸ್ (ದಾಳದಾಟ), ಬ್ಯಾಕರಾ (ಇನ್ನೊಂದು ಇಸ್ಪೀಟಾಟ) ಗೆಲುವಿಗೆ ಈ ಮುರಿತವಿಲ್ಲ. ಆಡುತ್ತಿರುವವರಿಗೆ ಪಾನೀಯ ಉಚಿತ, ತಂದುಕೊಟ್ಟವರಿಗೆ ಲೋಟಕ್ಕೆ ಒಂದೆರಡು ಡಾಲರ್ ಟಿಪ್ ಕೊಡುವುದು ಅಲ್ಲಿನ ರೂಢಿ. ಕ್ಯಾಸಿನೊದೊಳಗಿನ ಎಟಿಎಂಗಳಲ್ಲಿ ಶುಲ್ಕ ದುಬಾರಿ, ಬೇಕಾದ ನಗದು ಹೊರಗಿಂದಲೇ ತರಬೇಕು.

ಇರುವ ಜಾಗ ಸ್ಟ್ರಿಪ್‌ನ ದಕ್ಷಿಣ ತುದಿ. ವಿಮಾನ ನಿಲ್ದಾಣಕ್ಕೆ ಇದಕ್ಕಿಂತ ಹತ್ತಿರದ ಹೋಟೆಲುಗಳು ಕಡಿಮೆ. ಅಲ್ಲಿಂದ ಸ್ಟ್ರಿಪ್‌ಗೆ ಟ್ಯಾಕ್ಸಿಗಳಿಗೆ ವಲಯವಾರು ನಿಗದಿತ ದರವಿದೆ. ಹತ್ತುವ ಮೊದಲೇ ‘ಫ್ಲ್ಯಾಟ್ ರೇಟ್’ ಎಂದು ಖಚಿತ ಮಾಡಿಕೊಂಡರೆ ಸುತ್ತುದಾರಿಯ ಭಯವಿಲ್ಲ. ಲಕ್ಸರ್‌ನ ಒಂದು ಪಕ್ಕ ಮ್ಯಾಂಡಲೇ ಬೇ, ಇನ್ನೊಂದು ಪಕ್ಕ ಎಕ್ಸ್‌ಕ್ಯಾಲಿಬರ್. ಮೂರರ ನಡುವೆ ಉಚಿತ ಟ್ರ್ಯಾಮ್ ಓಡುತ್ತದೆ, ಅದಿಲ್ಲದೆ ಒಳದಾರಿಯೂ ಇದೆ. ಬಿಸಿಲಿನ ದಿನ ಮೂರು ಹೋಟೆಲುಗಳನ್ನೂ ಎಸಿಯ ತಂಪಿನಲ್ಲೇ ನಡೆದು ದಾಟಬಹುದು. ಎಕ್ಸ್‌ಕ್ಯಾಲಿಬರ್‌ನಿಂದ ಪಾದಚಾರಿ ಸೇತುವೆ ಹತ್ತಿದರೆ ನ್ಯೂಯಾರ್ಕ್-ನ್ಯೂಯಾರ್ಕ್, ಅಲ್ಲಿಂದ ಎಂಜಿಎಂ ಗ್ರ್ಯಾಂಡ್. ಹಣ ಕೊಟ್ಟು ಹತ್ತುವ ಮಾನೋರೈಲು ಆ ಎಂಜಿಎಂ ಗ್ರ್ಯಾಂಡಿನಿಂದ ಶುರು, ಲಕ್ಸರ್‌ಗೆ ಬರುವುದಿಲ್ಲ. ಬೆಲಾಜಿಯೊ ಹೋಟೆಲಿನ ಕಾರಂಜಿ ಇಲ್ಲಿಂದ ಎರಡೂವರೆ ಕಿಲೋಮೀಟರಿನಷ್ಟು ದೂರ. ನಕ್ಷೆಯಲ್ಲಿ ಪಕ್ಕದಲ್ಲೇ ಇದ್ದಂತೆ ಕಂಡರೂ ಸೇತುವೆಗಳ ಏರಿಳಿತ ಸೇರಿ 40 ನಿಮಿಷ ಹಿಡಿಯುತ್ತದೆ. ರಾತ್ರಿಯಿಡೀ ಓಡುವ ‘ಡ್ಯೂಸ್’ ಬಸ್ಸಿಗೆ ದಿನದ ಪಾಸು ತೆಗೆದುಕೊಳ್ಳುವುದು ಜಾಣತನ.

ಹೋಟೆಲಿನೊಳಗೇ ನೋಡುವಂಥದ್ದೆಂದರೆ ಟೈಟಾನಿಕ್ ಹಡಗಿನ ವಸ್ತುಪ್ರದರ್ಶನ. ಸಮುದ್ರದ ತಳದಿಂದ 1998ರಲ್ಲಿ ಎತ್ತಿದ, ಸುಮಾರು 15 ಟನ್ ತೂಕದ ಹಡಗಿನ ಹೊರಮೈ ತುಂಡು ಅಲ್ಲಿದೆ. ರಿವೆಟ್ಟುಗಳ ಸಾಲು, ಕಿಟಕಿಯ ದುಂಡು ತೂತುಗಳು ಕಣ್ಣಳತೆಯಲ್ಲೇ ಕಾಣುತ್ತವೆ. ಟಿಕೆಟು ಬೇರೆ.

ಕೊನೆಗೆ ಬೆಳಕು. ಕತ್ತಲಾದ ಮೇಲೆ ಪಿರಮಿಡ್ಡಿನ ತುದಿಯಿಂದ ಆಕಾಶಕ್ಕೆ ಒಂದು ಬಿಳಿ ಕಂಬ ಏಳುತ್ತದೆ. ತುದಿಯಲ್ಲಿರುವುದು 39 ಕ್ಸೆನಾನ್ ದೀಪಗಳು, ಒಂದೊಂದೂ 7,000 ವಾಟ್, ಬಾಗುಗನ್ನಡಿಗಳು ಅವುಗಳ ಬೆಳಕನ್ನೆಲ್ಲ ಒಂದೇ ಕಂಬವಾಗಿ ಕೂಡಿಸುತ್ತವೆ. ವಿದ್ಯುತ್ ಉಳಿಸಲು 2008ರಿಂದ ಅರ್ಧದಷ್ಟನ್ನೇ ಉರಿಸುತ್ತಾರೆ. ಬೇಸಿಗೆಯಲ್ಲಿ ಈ ಬೆಳಕಿಗೆ ಪತಂಗಗಳು ಮುತ್ತುತ್ತವೆ, ಅವನ್ನು ತಿನ್ನಲು ಬಾವಲಿಗಳು ಬರುತ್ತವೆ. ಕೆಳಗಿನಿಂದ ನೋಡಿದರೆ ಕಂಬದೊಳಗೆ ಬಿಳಿ ಚುಕ್ಕೆಗಳು ಸುತ್ತುತ್ತಿರುವಂತೆ ಕಾಣುವುದು ಇವೇ. 2019ರ ಜುಲೈನಲ್ಲಿ ಮಿಡತೆಗಳ ಹಿಂಡೇ ಬಂದಿಳಿದಿತ್ತು. ಪಿರಮಿಡ್ ರೂಮಿನೊಳಗಿಂದ ಈ ಬೆಳಕು ಕಾಣುವುದಿಲ್ಲ, ಕಟ್ಟಡದ ಬುಡದಲ್ಲಿ ನಿಂತರೂ ಪೂರ್ತಿ ಸಿಗುವುದಿಲ್ಲ. ಎಕ್ಸ್‌ಕ್ಯಾಲಿಬರ್‌ನ ಮುಂದಿನ ಪಾದಚಾರಿ ಸೇತುವೆಯ ಮೇಲೆ ನಿಂತು ದಕ್ಷಿಣಕ್ಕೆ ತಿರುಗಿ ನೋಡಬೇಕು, ರಾತ್ರಿ ಒಂಬತ್ತರ ಮೇಲೆ, ಧೂಳುಗಾಳಿ ಇಲ್ಲದ ದಿನ.

ರೂಮು ಬಿಡುವ ಹಿಂದಿನ ರಾತ್ರಿ ಟಿವಿಯಲ್ಲೋ ಆ್ಯಪಿನಲ್ಲೋ ಬಿಲ್ಲನ್ನು ಸಾಲುಸಾಲಾಗಿ ನೋಡಿ. ಮಾರಾಟದ ಸಾಮಾನಿಟ್ಟ ಫ್ರಿಜ್ ಇದ್ದರೆ, ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟದ್ದಕ್ಕೂ ಸೆನ್ಸರ್ ಬೆಲೆ ಹಾಕಿರಬಹುದು. ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದರೆ ತೆಗೆದುಹಾಕುತ್ತಾರೆ. ಬೆಳಗ್ಗೆ ಹತ್ತೂವರೆಗೆ ಹೇಳಹೊರಟರೆ ಕೌಂಟರಿನ ಮುಂದೆ ಅರ್ಧ ಗಂಟೆಯ ಸಾಲಿರುತ್ತದೆ, ಅದೇ ಹೊತ್ತಿಗೆ ನಾಲ್ಕು ಮೂಲೆಯ ಇನ್‌ಕ್ಲಿನೇಟರುಗಳೂ ಸಾಮಾನು ಹೊತ್ತವರಿಂದ ತುಂಬಿ, ಎರಡು ಮೂರು ಸಲ ಬಿಟ್ಟ ಮೇಲೆಯೇ ಜಾಗ ಸಿಗುವುದು.